ಇಂಚು, ಸೆಂಟು, ಗಿಗಾಬೈಟು

ಬಾಬಾಬುಡನ್‌ಗಿರಿಯ ಬುಡದಿಂದ ಹಿಡಿದು ಕಳಸದ ಭದ್ರಾ ದಂಡೆಯವರೆಗೆ ಯಾವ ತೋಟದ ಮನೆಗೆ ಬೇಕಾದರೂ ಹೋಗಿ ನೋಡಿ, ಅಲ್ಲಿ ಹಾಳಾದ ವಸ್ತು ಎಂಬುದೇ ಇರುವುದಿಲ್ಲ; ಸದ್ಯಕ್ಕೆ ಉಪಯೋಗಕ್ಕೆ ಬಾರದ ವಸ್ತುಗಳು ಮಾತ್ರ ಇರುತ್ತವೆ. ಮ್ಯಾಂಟಲ್ ಇಲ್ಲದ ಪೆಟ್ರೊಮ್ಯಾಕ್ಸು, ಸವೆದ ಪಲ್ಪರ್ ಡ್ರಮ್ಮು, ಮುಳ್ಳು ನಿಂತ ತಕ್ಕಡಿ, ಕಾಫಿ ಬೋರ್ಡಿನ ಪೂಲಿಗೆ ಕಾಫಿ ಹಾಕುತ್ತಿದ್ದ ಕಾಲದ ರಸೀದಿ ಕಟ್ಟು, ಎಲ್ಲಕ್ಕೂ ಅಟ್ಟದ ಮೇಲೆ ಜಾಗವುಂಟು. ಪೂಲ್ ವ್ಯವಸ್ಥೆ 1996ರಲ್ಲೇ ಮುಗಿದುಹೋಯಿತು. ಆದರೂ ಆ ರಸೀದಿಗಳನ್ನು ಒಲೆಗೆ ಹಾಕಲು ಯಾರಿಗೂ ಕೈಬರುವುದಿಲ್ಲ. ಹದಿನೇಳನೇ ಶತಮಾನದಲ್ಲಿ ಯೆಮೆನ್‌ನಿಂದ ಏಳೇ ಏಳು ಬೀಜ ತಂದು ಗಿರಿಯ ಮೇಲೆ ಹಾಕಿದರೆಂದು ಹೇಳುವ ಬಾಬಾಬುಡನ್ ಅವರ ಕಾಲದಿಂದಲೂ ಇಲ್ಲಿಯವರು ಕೈಗೆ ಬಂದದ್ದನ್ನು ಬಿಸಾಡಿದವರಲ್ಲ.

ಇಂಥ ಮನೆಯಲ್ಲಿ ಕಂಪ್ಯೂಟರಿಗೂ ನಿವೃತ್ತಿಯೆಂಬುದಿಲ್ಲ. ನಮ್ಮ ತೋಟದ ಆಫೀಸ್ ರೂಮಿನಲ್ಲಿ ಕೂತಿರುವ ಯಂತ್ರಕ್ಕೆ ವಯಸ್ಸಾಗಿದೆ. ಆದರೆ ಅದನ್ನು ಅಟ್ಟಕ್ಕೇರಿಸಲಾಗದ ಹಾಗೆ ಮನೆಯ ವ್ಯವಹಾರವೆಲ್ಲ ಅದರ ಹೊಟ್ಟೆಯಲ್ಲಿದೆ. ಕೂಲಿ ಲೆಕ್ಕದ ಪ್ರೋಗ್ರಾಮು ಅದರಲ್ಲಿದೆ. ಆನೆ ತುಳಿದ ಬಾಳೆ, ಮುರಿದ ಬೇಲಿ, ಕಡಿಯಬೇಕಾದ ಒಣಮರಗಳ ಬಗ್ಗೆ ಕಾಲಕಾಲಕ್ಕೆ ಬರೆದ ಅರ್ಜಿಗಳೆಲ್ಲ ಹಳೆಯ ‘ನುಡಿ’ಯಲ್ಲಿ ಟೈಪಾಗಿ ಅದರಲ್ಲೇ ಇವೆ. ಅವು ಯೂನಿಕೋಡ್ ಬಳಕೆಗೆ ಬರುವ ಮೊದಲಿನವು. ಆ ಫಾಂಟ್ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಆನೆ, ಬೇಲಿ, ಮರ ಎಲ್ಲವೂ ಒಂದೇ ಬಗೆಯ ಕಾಗಕ್ಕ ಗುಬ್ಬಕ್ಕನ ಅಕ್ಷರವಾಗಿ ಕಾಣುತ್ತವೆ. ಜೊತೆಗೊಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ. ಅದರ ಅಗಲ ಮೂತಿಯ ಕೇಬಲ್ಲಿಗೆ ಹೊಸ ಕಂಪ್ಯೂಟರುಗಳಲ್ಲಿ ತೂತೇ ಇರುವುದಿಲ್ಲ.

ಅದರ ದೋಷ ಒಂದೇ, ನಿಧಾನ. ಬಟವಾಡೆಯ ದಿನ ನಮ್ಮ ರೈಟರು ಸ್ವಿಚ್ಚು ಒತ್ತಿ, ಕಣಕ್ಕೆ ಹೋಗಿ, ಹರವಿದ ಚೆರಿಯನ್ನು ಒಂದು ಸುತ್ತು ಕೆದಕಿಸಿ, ಎಲೆಯಡಿಕೆ ಹಾಕಿ, ಅದನ್ನು ಉಗಿದು ಬರುವ ಹೊತ್ತಿಗೆ ಪರದೆಯ ಮೇಲೆ ವಿಂಡೋಸಿನ ಹೆಸರು ಮೂಡಿರುತ್ತಿತ್ತು. ಆಮೇಲೆ ಉಂಗುರ ಸುತ್ತುತ್ತಿತ್ತು. ಉಂಗುರ ನಿಂತ ಮೇಲೂ ಪ್ರೋಗ್ರಾಮು ತೆರೆಯಲು ಅವರು ಚೆಕ್‌ರೋಲ್ ಬುಕ್ಕಿನಿಂದ ಗಾಳಿ ಹಾಕಿಕೊಳ್ಳುತ್ತ ಕೂರಬೇಕಿತ್ತು. ಜಗಲಿಯಲ್ಲಿ ದುಡ್ಡಿಗೆ ಕಾದವರು ಆ ಅವಧಿಯಲ್ಲಿ ಮದುವೆ ಮಾತುಕತೆಯನ್ನೇ ಮುಗಿಸಿದ್ದುಂಟು. ತಮ್ಮ ಲೆಕ್ಕವೇನಾದರೂ ತಡವಾದರೆ ರೈಟರು ಕಂಪ್ಯೂಟರಿನ ಕಡೆ ಕೈ ತೋರಿಸುತ್ತಿದ್ದರು. ಅದು ಎದುರು ಮಾತಾಡುತ್ತಿರಲಿಲ್ಲ. ಹೀಗಾಗಿ ಇಬ್ಬರಿಗೂ ಬಹಳ ಹೊಂದಾಣಿಕೆ.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗನೊಬ್ಬ ಪ್ರಿಂಟರಿನ ರಿಬ್ಬನ್ ಬದಲಿಸಲು ಬಂದವನು ಈ ದಾಂಪತ್ಯವನ್ನು ನೋಡಿ ಮರುಗಿದ. ಮುಚ್ಚಳ ಬಿಚ್ಚಿ, ಬೂಷ್ಟು ಒರೆಸಿ, ಜೇಡವೊಂದನ್ನು ಹೊರಗೆ ಕಳಿಸಿ ಹೇಳಿದ: “ಸಾವ್ಕಾರ್ರೇ, ಬೋರ್ಡು ಗಟ್ಟಿ ಉಂಟು. ಹಾರ್ಡ್‌ಡಿಸ್ಕ್ ಮುದಿಯಾಗಿದೆ ಅಷ್ಟೆ. ಎನ್‌ವಿಎಂಇ ಎಸ್‌ಎಸ್‌ಡಿ ಹಾಕ್ಸಿ, ಹಾರ್ತದೆ.”

“ಎಷ್ಟು ಸ್ಪೀಡು?”

“ಮೂರೂವರೆ ಸಾವಿರ.”

“ಎಂಥದ್ದು ಮೂರೂವರೆ ಸಾವಿರ ಮಾರಾಯ?”

“ಸೆಕೆಂಡಿಗೆ ಮೆಗಾಬೈಟು. ಈಗ ನಿಮ್ದು ನೂರು ಇದ್ರೆ ಹೆಚ್ಚು.”

ಅಂಕಿ ಹೇಳಿ ಅವನು ಗೆದ್ದ. ಅಂಕಿಯ ಮುಂದೆ ಕಾಫಿ ಬೆಳೆಗಾರ ಬಹಳ ದುರ್ಬಲ ಪ್ರಾಣಿ. ಇಬ್ಬರು ಪ್ಲಾಂಟರುಗಳು ಎದುರಾದರೆ ಯೋಗಕ್ಷೇಮ ಆಮೇಲೆ, ಮೊದಲು ಮಳೆಯ ಲೆಕ್ಕ. ಮೆಟ್ರಿಕ್ ಅಳತೆಯ ಕಾನೂನು ದೇಶಕ್ಕೆ 1956ರಲ್ಲೇ ಬಂದಿದೆ. ನಮ್ಮ ಕಡೆ ಮಾತ್ರ ಮಳೆ ಇಂದಿಗೂ ಇಂಚಿನಲ್ಲೇ ಬೀಳುತ್ತದೆ. ಇಂಚಿನ ನೂರರಲ್ಲೊಂದು ಪಾಲಿಗೆ ಸೆಂಟು. “ನಿಮ್ಮಲ್ಲಿ ಎಷ್ಟು?” “ಎರಡು ಇಂಚು ಹದಿನೆಂಟು ಸೆಂಟು.” “ಹೌದಾ, ನಮ್ಮಲ್ಲಿ ಎರಡು ನಲವತ್ತು.” ಹೇಳಿದವನ ಮುಖದಲ್ಲಿ ಆ ಇಪ್ಪತ್ತೆರಡು ಸೆಂಟನ್ನು ಸ್ವಂತ ದುಡಿಮೆಯಿಂದ ಸಂಪಾದಿಸಿದ ಹೆಮ್ಮೆಯಿರುತ್ತದೆ. ಮಳೆ ಹೆಚ್ಚಾಗಿ ಕಾಯಿ ಉದುರಿದ ವರ್ಷವೂ ಆ ಹೆಮ್ಮೆಗೆ ಕುಂದಿಲ್ಲ.

ಹುಡುಗ ಹೊಗಳಿದ ಬೋರ್ಡು ಎಚ್61 ಎಂಬ ಇಂಟೆಲ್ ಚಿಪ್‌ಸೆಟ್ಟಿನದು. ಹತ್ತು ಹನ್ನೆರಡು ವರ್ಷದ ಹಿಂದೆ ಡಿಟಿಪಿ ಅಂಗಡಿ, ಶಾಲೆ, ಸಹಕಾರ ಸಂಘ, ಸೈಬರ್ ಕೆಫೆ ಎಲ್ಲಿ ನೋಡಿದರೂ ಕಾಣುತ್ತಿದ್ದ ಬಡವರ ಬಂಧು. ಅದು ಮಾರುಕಟ್ಟೆಗೆ ಬಂದದ್ದು 2011ರ ಆರಂಭದಲ್ಲಿ. ತಮಾಷೆಯೆಂದರೆ ಎನ್‌ವಿಎಂಇ ಎಂಬ ನಿಯಮಾವಳಿಯ ಮೊದಲ ಆವೃತ್ತಿ ಪ್ರಕಟವಾದದ್ದೂ 2011ರ ಮಾರ್ಚ್ 1ರಂದೇ. ಚಿಪ್ಪಿನಲ್ಲಿ ಮಾಹಿತಿ ಇಡುವ ವೇಗದ ಡ್ರೈವುಗಳು ಕಂಪ್ಯೂಟರಿನೊಡನೆ ಹೇಗೆ ವ್ಯವಹರಿಸಬೇಕು ಎಂದು ಹೇಳುವ ಕಟ್ಟಳೆ ಅದು. ಒಂದೇ ಹಂಗಾಮಿನಲ್ಲಿ ಹುಟ್ಟಿದ ಎರಡಕ್ಕೂ ಪರಸ್ಪರ ಪರಿಚಯವೇ ಇಲ್ಲ. ಅಂಥ ಡ್ರೈವು ಸಾಮಾನ್ಯ ಗಿರಾಕಿಯ ಕೈಗೆ ಬಂದದ್ದು 2015ರ ಹೊತ್ತಿಗೆ. ಅಷ್ಟರಲ್ಲಿ ನಮ್ಮ ಎಚ್61ಕ್ಕೆ ಒಂದೆರಡು ಸಲ ಇಲಿ ವೈರು ಕಡಿದಾಗಿತ್ತು.

ಬೋರ್ಡಿನಲ್ಲಿ ಹಾರ್ಡ್‌ಡಿಸ್ಕಿಗೆಂದು ಇರುವ ಸಾಟಾ ಕಿಂಡಿಗಳು ಎರಡನೇ ತಲೆಮಾರಿನವು. ಕಾಗದದ ಮೇಲೆ ಸೆಕೆಂಡಿಗೆ 3 ಗಿಗಾಬಿಟ್. ಕೈಗೆ ಸಿಗುವುದು 280 ಮೆಗಾಬೈಟಿನ ಆಸುಪಾಸು. ಆದರೆ ಅದೇ ಬೋರ್ಡಿನ ನಡುವೆ ಒಂದು ಉದ್ದನೆಯ ಸ್ಲಾಟು ಖಾಲಿ ಬಿದ್ದಿತ್ತು. ಕಂಪ್ಯೂಟರಿನಲ್ಲಿ ಆಟವಾಡುವವರು ಗ್ರಾಫಿಕ್ಸ್ ಕಾರ್ಡು ಸಿಕ್ಕಿಸಲೆಂದು ಕೊಟ್ಟ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟದು. ನಮ್ಮ ರೈಟರು ಇಸ್ಪೀಟಿನಾಚೆಗೆ ಯಾವ ಆಟವನ್ನೂ ಆಡಿದವರಲ್ಲವಾದ್ದರಿಂದ ಅದು ಪ್ಲಾಸ್ಟಿಕ್ ಹೊಳಪಿನ ಸಮೇತ ಹಾಗೇ ಇತ್ತು. ಅದರಲ್ಲಿ ಹದಿನಾರು ಪಥಗಳು. ಎರಡನೇ ತಲೆಮಾರಿನ ಐ3 ಪ್ರೊಸೆಸರ್ ಇರುವ ನಮ್ಮಂಥ ಯಂತ್ರದಲ್ಲಿ ಒಂದೊಂದು ಪಥಕ್ಕೆ ಸೆಕೆಂಡಿಗೆ 500 ಮೆಗಾಬೈಟು. ಎನ್‌ವಿಎಂಇ ಡ್ರೈವು ಬಳಸುವುದು ನಾಲ್ಕು ಪಥ. ಅಲ್ಲಿಗೆ ಲೆಕ್ಕಕ್ಕೆ 2000. ಖರ್ಚು ವೆಚ್ಚ ಕಳೆದು 1600 ಚಿಲ್ಲರೆ. ಮೂರನೇ ತಲೆಮಾರಿನ ಐ5 ಇದ್ದಿದ್ದರೆ ಇದು ಸರಿಸುಮಾರು ಇಮ್ಮಡಿ. ಹುಡುಗನ ಮೂರೂವರೆ ಸಾವಿರ ನಮ್ಮ ಮನೆಯ ಹೊಸಿಲು ದಾಟುವಾಗಲೇ ಅರ್ಧಕ್ಕರ್ಧ ಆಗಿತ್ತು. ಪರವಾಗಿಲ್ಲ. ಹಣ್ಣು ಕೊಯ್ದು, ಪಲ್ಪ್ ಮಾಡಿ, ಒಣಗಿಸಿ, ಕ್ಯೂರಿಂಗಿನಲ್ಲಿ ಔಟ್‌ಟರ್ನ್ ನೋಡುವವರಿಗೆ ಮೊದಲ ತೂಕಕ್ಕೂ ಕೊನೆಯ ತೂಕಕ್ಕೂ ಇರುವ ವ್ಯತ್ಯಾಸ ಹೊಸದೇನಲ್ಲ.

ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಡ್ರೈವು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಒಂದು ಪಟ್ಟಿ. ಇಷ್ಟು ದೊಡ್ಡ ಹೆಸರಿಗೆ ಇಷ್ಟೇನಾ ಎನ್ನಿಸುವ ಗಾತ್ರ. ಅದನ್ನು ಕೂರಿಸುವ ಅಡಾಪ್ಟರ್ ಕಾರ್ಡಿಗೆ ಕೆಲವೇ ನೂರು ರೂಪಾಯಿ. ಅದರಲ್ಲಿ ಬುದ್ಧಿವಂತಿಕೆ ಎಂಬುದು ಹೆಚ್ಚೇನಿಲ್ಲ. ತಾಮ್ರದ ಗೆರೆಗಳು ಮತ್ತು ಒಂದು ಸ್ಕ್ರೂ. ಇದೇ ಆಕಾರದ ಪಟ್ಟಿಗಳಲ್ಲಿ ಸಾಟಾ ಜಾತಿಯವೂ ಉಂಟು. ಅವಕ್ಕೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಹೆಚ್ಚಾಗಿ ಒಂದೇ. ಸಾಟಾದ್ದನ್ನು ತಂದು ಈ ಅಡಾಪ್ಟರಿಗೆ ಹಾಕಿದರೆ ಕೂರುವುದು ಸರಿಯಾಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಕೊಳ್ಳುವವರು ಹೆಸರು ಓದಿ ಕೊಳ್ಳಬೇಕು.

ಹುಡುಗ ಕಾರ್ಡು ಸಿಕ್ಕಿಸಿ ಹಳೆಯ ಡಿಸ್ಕಿನಿಂದಲೇ ವಿಂಡೋಸ್ ಎಬ್ಬಿಸಿದ. ಹೊಸ ಡ್ರೈವು ಚೆನ್ನಾಗಿ ಕಾಣಿಸಿತು. ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಇಳಿಸಿದ. ಆಮೇಲೆ ಹಳೆಯ ಡಿಸ್ಕಿನ ವೈರು ಕಿತ್ತು ಸ್ವಿಚ್ಚು ಒತ್ತಿದರೆ, ಕಪ್ಪು ಪರದೆಯ ಮೇಲೆ ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಬಿಳಿ ಸಾಲು. “ಕಾಣ್ತಿತ್ತಲ್ಲೋ ಈಗಷ್ಟೇ?” ಅಂದೆ. ಅವನು ನಕ್ಕ. ಕಂಡದ್ದು ವಿಂಡೋಸಿಗೆ, ಎನ್‌ವಿಎಂಇ ಜೊತೆ ವ್ಯವಹರಿಸುವ ಡ್ರೈವರ್ ಇರುವುದು ಅದರ ಬಳಿ. ಆದರೆ ವಿಂಡೋಸನ್ನು ಎಬ್ಬಿಸಬೇಕಾದದ್ದು ಬಯಾಸು. 2011ರ ಬಯಾಸಿಗೆ ಸ್ಲಾಟಿನಲ್ಲಿ ಏನೋ ಬಂದು ಕೂತಿದೆ ಎಂದಷ್ಟೇ ಗೊತ್ತು. ಅದರೊಳಗಿನ ಫೈಲು ಓದುವ ವಿದ್ಯೆ ಗೊತ್ತಿಲ್ಲ. 2014ರಿಂದೀಚೆಗೆ ಬಂದ ಹೆಚ್ಚಿನ ಬೋರ್ಡುಗಳಿಗೆ ಆ ವಿದ್ಯೆಯನ್ನು ಕಾರ್ಖಾನೆಯಲ್ಲೇ ಕಲಿಸಿರುತ್ತಾರೆ. ಹಳೆಯದು ಹೊಸದನ್ನು ಒಲ್ಲೆ ಎನ್ನುತ್ತಿರಲಿಲ್ಲ. ಗುರುತು ಹಿಡಿಯುತ್ತಿರಲಿಲ್ಲ ಅಷ್ಟೆ. ಮನೆಗಳಲ್ಲಿ ತಲೆಮಾರುಗಳ ಜಗಳವೆಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಇಂಥದ್ದೇ ಇರಬಹುದು ಎಂದು ಯೋಚಿಸುತ್ತ ನಾನು ಕಾಫಿ ತರಿಸಿದೆ.

ದಾರಿಗಳು ಹಲವು. 2015ರಲ್ಲಿ ಬಂದ ಸ್ಯಾಮ್‌ಸಂಗ್ 950 ಪ್ರೊ ಎಂಬ ಡ್ರೈವು ಹಳೆಯ ಬಯಾಸಿಗೆ ಬೇಕಾದ ಪಾಠವನ್ನು ತನ್ನ ಚಿಪ್ಪಿನಲ್ಲೇ ಹೊತ್ತು ತಂದಿತ್ತು, ಅಂಥವು ಅಪರೂಪ. ಧೈರ್ಯಸ್ಥರು ಬಯಾಸನ್ನೇ ಹೊರತೆಗೆದು, ಎನ್‌ವಿಎಂಇ ತುಣುಕೊಂದನ್ನು ಸೇರಿಸಿ, ಮತ್ತೆ ಚಿಪ್ಪಿಗೆ ಬರೆಯುತ್ತಾರೆ. ಬರೆಯುವಾಗ ಕರೆಂಟು ಹೋದರೆ ಬೋರ್ಡು ಕಲ್ಲಾಗುತ್ತದೆ. ಜುಲೈ ತಿಂಗಳಲ್ಲಿ ಮೂಡಿಗೆರೆ ಸೀಮೆಯಲ್ಲಿ ಕೂತು ಮಾಡುವ ಕೆಲಸವಂತೂ ಅದಲ್ಲ. ಲಿನಕ್ಸ್ ಬಳಸುವವರಿಗೆ ಇನ್ನೂ ಸುಲಭ: ಎಬ್ಬಿಸುವುದಕ್ಕೆ ಬೇಕಾದ ಚಿಕ್ಕ ಭಾಗವನ್ನು ಹಳೆಯ ಡಿಸ್ಕಿನಲ್ಲಿಟ್ಟು ಉಳಿದದ್ದೆಲ್ಲವನ್ನೂ ಹೊಸ ಡ್ರೈವಿನಲ್ಲಿಟ್ಟರಾಯಿತು. ನಮ್ಮ ಹುಡುಗ ಹಿಡಿದದ್ದು ಪೆನ್‌ಡ್ರೈವಿನ ದಾರಿ. ಅದರಲ್ಲಿ ‘ಕ್ಲೋವರ್’ ಎಂಬ ತಂತ್ರಾಂಶ. ಆಪಲ್ಲಿನದಲ್ಲದ ಕಂಪ್ಯೂಟರಿನಲ್ಲಿ ಆಪಲ್ಲಿನ ವ್ಯವಸ್ಥೆ ಓಡಿಸಿಯೇ ತೀರುತ್ತೇವೆಂದು ಹೊರಟ ಹಠಮಾರಿಗಳು ಬೆಳೆಸಿದ್ದು. ಬಯಾಸು ತನಗೆ ಗೊತ್ತಿರುವ ಪೆನ್‌ಡ್ರೈವನ್ನು ಓದುತ್ತದೆ, ಕ್ಲೋವರ್ ಎದ್ದು ಎನ್‌ವಿಎಂಇ ಡ್ರೈವರನ್ನು ಜೊತೆಗೆ ಎಬ್ಬಿಸುತ್ತದೆ, ಅಲ್ಲಿಂದ ಮುಂದೆ ವಿಂಡೋಸಿನ ದಾರಿ ಸಲೀಸು.

ಇಂಥ ಅಡ್ಡದಾರಿಗಳನ್ನು ಹುಡುಕುವುದರಲ್ಲಿ ಮೂಡಿಗೆರೆಗೆ ಒಂದು ಪರಂಪರೆಯೇ ಇದೆ. ಇಲ್ಲಿನ ‘ನಿರುತ್ತರ’ದಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ತೋಟ, ಕ್ಯಾಮೆರಾ, ಮೀನಿನ ಗಾಳಗಳ ಜೊತೆಗೆ ಕನ್ನಡ ತಂತ್ರಾಂಶದ ಹಿಂದೆಯೂ ಬಿದ್ದಿದ್ದರು. ಅವರು ತೀರಿಕೊಂಡದ್ದು 2007ರ ಏಪ್ರಿಲ್ 5ರಂದು. ಎನ್‌ವಿಎಂಇ ಹುಟ್ಟಲು ಇನ್ನೂ ನಾಲ್ಕು ವರ್ಷ ಇತ್ತು. ಇದ್ದಿದ್ದರೆ ಈ ಕಾರ್ಡನ್ನು ಬಿಚ್ಚದೆ ಬಿಡುತ್ತಿರಲಿಲ್ಲವೆಂದು ನಮ್ಮೂರಿನ ಯಾರನ್ನು ಕೇಳಿದರೂ ಹೇಳಿಯಾರು. ನಮ್ಮ ಕಡೆ ಜೀಪಿನ ಎಂಜಿನ್ನು ಪಲ್ಪರ್ ತಿರುಗಿಸಿದೆ, ಬಚ್ಚಲ ಹಂಡೆಯ ಒಲೆ ಮೆಣಸು ಒಣಗಿಸಿದೆ. ಕಂಪ್ಯೂಟರ್ ಒಂದಕ್ಕೇ ಬೇರೆ ಜಾತಕ ಯಾಕಿರಬೇಕು?

ಹುಡುಗ ಹೋಗುವಾಗ ಹಿಂದೆ ಚಾಚಿಕೊಂಡಿದ್ದ ಪೆನ್‌ಡ್ರೈವನ್ನು ತೋರಿಸಿ, “ಇದನ್ನ ಮಾತ್ರ ಯಾರೂ ಮುಟ್ಬೇಡಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಗ ಮನೆಯಲ್ಲಿ ಇಲ್ಲದಿದ್ದವರು ನಮ್ಮ ಅಳಿಯ ಒಬ್ಬರೇ. ಅವರು ಮಗಳನ್ನು ಕರೆದುಕೊಂಡು ಹೊರನಾಡಿಗೆ ಹೊರಟಾಗ ಕಾರಿನಲ್ಲಿ ಹಾಡು ಕೇಳೋಣವೆಂದು ಅದನ್ನೇ ಕಿತ್ತುಕೊಂಡು ಹೋದರು. ಕಳಸ ದಾಟಿದರೂ ಅವರಿಗೆ ಹಾಡು ಬರಲಿಲ್ಲ; ಇತ್ತ ಆಫೀಸ್ ರೂಮಿನಲ್ಲಿ ಬಟವಾಡೆಯ ಪಟ್ಟಿಯೂ ಬರಲಿಲ್ಲ. ಫೋನು ಮಾಡಿದರೆ ಅವರಿರುವ ಕಡೆ ಟವರಿಲ್ಲ. ರೈಟರು ಚೆಕ್‌ರೋಲ್ ಬುಕ್ಕು ತೆರೆದು ಕೈಲೆಕ್ಕದಲ್ಲೇ ಬಟವಾಡೆ ಮಾಡಿ ಮುಗಿಸಿದರು, ಮುಖದಲ್ಲಿ ಒಂದು ಬಗೆಯ ಕಳೆ ಇತ್ತು. ಆಮೇಲೆ ಹುಡುಗ ಬಂದು ಪೆನ್‌ಡ್ರೈವನ್ನು ಕ್ಯಾಬಿನೆಟ್ಟಿನ ಒಳಗೆ, ಬೋರ್ಡಿನ ಮೇಲಿರುವ ಯುಎಸ್‌ಬಿ ಪಿನ್ನುಗಳಿಗೇ ಸಿಕ್ಕಿಸಿ ಸ್ಕ್ರೂ ಬಿಗಿದ. ಹಳೆ ಯಂತ್ರಕ್ಕೆ ಈ ಚಿಕಿತ್ಸೆ ಮಾಡಿಸುವ ಯಾರೇ ಆಗಲಿ, ಅಳಿಯಂದಿರು ಇರಲಿ ಇಲ್ಲದಿರಲಿ, ಮೊದಲ ದಿನವೇ ಹೀಗೆ ಮಾಡಿಸುವುದು ಕ್ಷೇಮ.

ಈಗ ಫಲಿತಾಂಶಕ್ಕೆ ಬರೋಣ. ರೈಟರು ಸ್ವಿಚ್ಚು ಒತ್ತಿ ಕಣದ ಕಡೆ ತಿರುಗುವಷ್ಟರಲ್ಲಿ ವಿಂಡೋಸ್ ಎದ್ದು ಕೂತಿರುತ್ತದೆ. ಇದು 1600ರ ಮಹಿಮೆ ಎಂದೇ ನಾನು ನಂಬಿದ್ದೆ. ಹುಡುಗ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದ. ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಬೇಕಾದ ಜಾಗ ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು. ಮೊನೆ ಹೊತ್ತ ಕೈ ಆ ಸಾಲಿಗೆ ಸರಿಯಲು ಇನ್ನೂ ಎಂಟು ಪಾಲು. ಒಟ್ಟು ಹನ್ನೆರಡು. ಕಂಪ್ಯೂಟರು ಏಳುವಾಗ ಒಂದೇ ದೊಡ್ಡ ಫೈಲು ಓದುವುದಿಲ್ಲ. ಎಲ್ಲೆಲ್ಲೋ ಚೆದುರಿದ ಚೂರುಪಾರುಗಳನ್ನು ಹೆಕ್ಕುತ್ತದೆ. ಲೆಕ್ಕಕ್ಕೆಂದು 20,000 ಚೂರು ಅಂತಿಟ್ಟುಕೊಂಡರೆ ಹುಡುಕಾಟಕ್ಕೇ 240 ಸೆಕೆಂಡು, ಅಂದರೆ ನಾಲ್ಕು ನಿಮಿಷ. ಎಸ್‌ಎಸ್‌ಡಿಯಲ್ಲಿ ತಿರುಗುವುದಿಲ್ಲ, ಸರಿಯುವುದಿಲ್ಲ. ಒಂದು ಚೂರಿಗೆ ಸಾವಿರದಲ್ಲಿ ಒಂದರ ಹತ್ತನೇ ಪಾಲು ಎಂದರೂ ಎರಡೇ ಸೆಕೆಂಡು. ಚೂರಿಗೆ 4 ಕಿಲೋಬೈಟಿನಂತೆ ಅಷ್ಟೂ ಸೇರಿ 80 ಮೆಗಾಬೈಟು. ಅಷ್ಟಕ್ಕೆ 280ರ ಹಳೆಯ ಸಾಟಾ ಕಿಂಡಿಯೂ ಧಾರಾಳ.

“ಹಾಗಾದ್ರೆ ಸಾಟಾದ್ದನ್ನೇ ಹಾಕಿದ್ರೆ ಈ ಅಡಾಪ್ಟರು, ಪೆನ್‌ಡ್ರೈವಿನ ರಗಳೆ ಎಂಥದ್ದೂ ಇರ್ತಿರ್ಲಿಲ್ಲ?”

“ಇರ್ತಿರ್ಲಿಲ್ಲ. ನೀವು ಸ್ಪೀಡ್ ಕೇಳಿದ್ರಿ, ನಾನು ಸ್ಪೀಡ್ ಹೇಳ್ದೆ.”

ಕಾಫಿ ಬೆಳೆದವನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಫೆಬ್ರವರಿ ಕೊನೆಗೋ ಮಾರ್ಚಿನಲ್ಲೋ ಹದವಾಗಿ ಒಂದು ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ರೊಬಸ್ಟಾ ತೋಟವಿಡೀ ಬೆಳ್ಳಗಾಗುತ್ತದೆ. ಆಮೇಲೆ ಸಮಯಕ್ಕೆ ಸರಿಯಾಗಿ ಒಂದು ಬ್ಯಾಕಿಂಗ್ ಮಳೆ ಬಂದರೆ ಆ ವರ್ಷದ ಬೆಳೆ ಕಚ್ಚಿತು. ಜುಲೈಯಲ್ಲಿ ನೂರು ಇಂಚು ಸುರಿದರೂ ಅದರಿಂದ ಒಂದು ಹೂವು ಬಿಡುವುದಿಲ್ಲ. ಬೆಳೆ ಕೊಡುವುದು ಬೇಕಾದ ಹೊತ್ತಿಗೆ ತಡವಿಲ್ಲದೆ ಬಂದ ಒಂದು ಇಂಚು. ಮಿಕ್ಕ ಇಂಚುಗಳೆಲ್ಲ ಮಾತಿಗೆ. ಡ್ರೈವಿನ ಪ್ಯಾಕೆಟ್ಟಿನ ಮೇಲೆ ಅಚ್ಚಾಗುವುದು ಜುಲೈ ಮಳೆ. ದೊಡ್ಡ ವಿಡಿಯೊ ಫೈಲುಗಳನ್ನು ಅತ್ತಿಂದಿತ್ತ ಸಾಗಿಸುವವರಿಗೆ ಅದರ ಉಪಯೋಗ ಖಂಡಿತ ಉಂಟು. ಕೂಲಿ ಲೆಕ್ಕ ತೆರೆಯುವವರಿಗೆ ಬೇಕಾದದ್ದು ಹುಡುಕಾಟ ತಪ್ಪುವುದು.

ಹುಡುಕಾಟ ತಪ್ಪಿದ ಮೇಲೆ ಉಳಿದ ತಡಗಳೆಲ್ಲ ಒಂದೊಂದಾಗಿ ಮುಖ ತೋರಿಸತೊಡಗಿದವು. ಡಾಟ್ ಮ್ಯಾಟ್ರಿಕ್ಸ್ ತನ್ನ ಗರಗಸದ ರಾಗವನ್ನು ಒಂದು ಸ್ವರವೂ ಚುರುಕು ಮಾಡಲಿಲ್ಲ. ಬ್ಯಾಂಕಿನ ಒಟಿಪಿಗೆ ಗೇಟಿನಾಚೆಯ ದಿಬ್ಬ ಹತ್ತುವುದು ತಪ್ಪಲಿಲ್ಲ. ಮರ ತಂತಿಯ ಮೇಲೆ ಬಿದ್ದ ದಿನ ಮೆಗಾಬೈಟಿನ ಮಾತೇ ಇಲ್ಲ. ಮಳೆಗಾಲದಲ್ಲಿ ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಸತ್ತು ಗಡಿಯಾರ 2011ರ ಜನವರಿಗೆ ಹಿಂದೆ ಸರಿಯಿತು. ಅಚ್ಚಾಗಿ ಬಂದ ಪಟ್ಟಿಯ ಪ್ರಕಾರ ನಮ್ಮ ಆಳುಗಳೆಲ್ಲ ಹಿಂದೆಂದೋ ಈಗಿನ ದರದಲ್ಲಿ ಕೂಲಿ ಪಡೆದಿದ್ದರು. ಇವೆಲ್ಲಕ್ಕಿಂತ ದೊಡ್ಡದು ರೈಟರ ಎರಡು ತೋರುಬೆರಳು. ಅವಕ್ಕೆ ಸಿಕ್ಕಿಸುವ ಅಡಾಪ್ಟರು ಎಸ್.ಪಿ. ರೋಡಿನಲ್ಲೂ ಸಿಗುವುದಿಲ್ಲ.

ಹಳೆಯ ಯಂತ್ರಕ್ಕೆ ಹೀಗೆ ಅಂಟಿಕೊಳ್ಳುವುದನ್ನು ಬರೀ ಜಿಪುಣತನವೆಂದು ತಿಳಿಯಬಾರದು. ಹಳೆಯ ಬೋರ್ಡು ಉಳಿಸಿಕೊಳ್ಳಲು ಘನವಾದ ಕಾರಣಗಳಿವೆ. ಲಾರಿ ತೂಗುವ ವೇಬ್ರಿಡ್ಜಿನವರನ್ನು ಕೇಳಿ: ತೂಕದ ಯಂತ್ರದಿಂದ ಅಂಕಿ ಬರುವುದು ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನಲ್ಲಿ, ಹೊಸ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಅದಿರುವುದಿಲ್ಲ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಕೇಳುತ್ತದೆ, ಇಂಟೆಲ್ಲಿನಲ್ಲಿ ಎಂಟನೇ ತಲೆಮಾರಿಗಿಂತ ಹಳಬರನ್ನು ಒಳಗೇ ಬಿಡುವುದಿಲ್ಲ. ಇಂಟರ್‌ನೆಟ್ಟಿಗೆ ತಗಲುವ ಹಳೆ ಯಂತ್ರಗಳಿಗೆ ಲಿನಕ್ಸೇ ಗತಿ. ಅಲ್ಲಿ ಯೂನಿಕೋಡ್ ಕನ್ನಡಕ್ಕೆ ಏನೂ ಕೊರತೆಯಿಲ್ಲ. ಇನ್ನೊಂದು ಕಡೆ, ಎಚ್61 ಬೋರ್ಡುಗಳು ಎನ್‌ವಿಎಂಇ ಪಟ್ಟಿ ನೇರವಾಗಿ ಕೂರುವ ಎಂ.2 ಸ್ಲಾಟಿನ ಸಮೇತ ಹೊಸದಾಗಿಯೇ ತಯಾರಾಗಿ ನಮ್ಮ ಮಾರುಕಟ್ಟೆಗೆ ಬರುತ್ತಿವೆ. ಪ್ಲಾಸ್ಟಿಕ್ ಕವರು ಹರಿದು ಹೊರತೆಗೆಯುವ ಹಳೆಯ ಬೋರ್ಡು! ಬೇಡಿಕೆ ಇದ್ದಷ್ಟು ದಿನ ಮುಪ್ಪೂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ.

ಒಂದು ಎಚ್ಚರ ಮಾತ್ರ ಹೇಳಬೇಕು. ಹಾರ್ಡ್‌ಡಿಸ್ಕು ಸಾಯುವ ಮೊದಲು ಸಾಮಾನ್ಯವಾಗಿ ಕಟಕಟ ಅನ್ನುತ್ತದೆ, ನರಳುತ್ತದೆ, ಬಂಧುಬಳಗಕ್ಕೆ ಬಂದು ನೋಡಿಹೋಗಲು ಸಮಯ ಕೊಡುತ್ತದೆ. ಎಸ್‌ಎಸ್‌ಡಿಗೆ ಆ ಸೌಜನ್ಯವಿಲ್ಲ; ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಇರುವುದಿಲ್ಲ. ಬರೆಯುತ್ತಿರುವಾಗ ಕರೆಂಟು ಹೋಗುವುದು ಅಗ್ಗದ ಡ್ರೈವುಗಳಿಗೆ ಆಗಿಬರುವುದಿಲ್ಲ. ಯುಪಿಎಸ್ ಇರಬೇಕು, ಲೆಕ್ಕದ ಪ್ರತಿ ಹಳೆಯ ಡಿಸ್ಕಿನಲ್ಲಿ ಇರಬೇಕು. ನಮ್ಮಲ್ಲಿ ಕಿತ್ತ ಹಾರ್ಡ್‌ಡಿಸ್ಕು ಅಟ್ಟಕ್ಕೆ ಹೋಗಲಿಲ್ಲ. ವಾರಕ್ಕೊಮ್ಮೆ ಪ್ರತಿ ಇಳಿಸಿಕೊಳ್ಳುವ ಕೆಲಸಕ್ಕೆ ಕೂತಿದೆ. ಚೆಕ್‌ರೋಲ್ ಬುಕ್ಕಂತೂ ಇದ್ದೇ ಇದೆ. ಅಳಿಯನ ಪ್ರಸಂಗವಾದ ಮೇಲೆ ರೈಟರು ಅದಕ್ಕೆ ಹೊಸ ರಟ್ಟು ಹಾಕಿಸಿದ್ದಾರೆ.

ಮೊನ್ನೆ ಪಕ್ಕದ ತೋಟದವರು ಬಂದಿದ್ದರು. ಅವರದ್ದು ನಮ್ಮದಕ್ಕಿಂತ ಹಳೆಯ ಜಿ41 ಬೋರ್ಡು. ಹುಡುಗನೂ ಅಲ್ಲೇ ಇದ್ದ. ಅವರಿಗೆ ನಾನು ಹುಡುಕಾಟ, ಹೂಮಳೆ, ಜುಲೈ ಮಳೆ ಎಲ್ಲವನ್ನೂ ವಿವರಿಸಿ, ಅಂಕಿಗೆ ಮರುಳಾಗಬೇಡಿ, ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಧಾರಾಳ ಸಾಕು ಎಂದು ಬುದ್ಧಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು, ತಲೆದೂಗಿದರು, ಕಾಫಿ ಮುಗಿಸಿ ಲೋಟ ಕೆಳಗಿಟ್ಟರು.

“ಅದೆಲ್ಲ ಸರಿ. ನಿಮ್ಮದ್ರಲ್ಲಿ ಎಷ್ಟು ಬರ್ತದೆ?”

“ಸಾವಿರದ ಆರುನೂರ ನಲವತ್ತೆರಡು” ಎಂದೆ. ನಲವತ್ತೆರಡನ್ನು ಬಿಡುವ ಮನಸ್ಸಾಗಲಿಲ್ಲ.

ಅವರು ಹುಡುಗನ ಕಡೆ ತಿರುಗಿದರು. ಜಿ41ರ ಸ್ಲಾಟು ಮೊದಲ ತಲೆಮಾರಿನದು, ಪಥಕ್ಕೆ 250ರಂತೆ ನಾಲ್ಕಕ್ಕೆ ಹೆಚ್ಚೆಂದರೆ ಸಾವಿರ, ಕೈಗೆ ಸಿಗುವುದು ಎಂಟುನೂರು ಚಿಲ್ಲರೆ ಎಂದು ಅವನು ಹೇಳಿದ. ಅವರ ಮುಖ ಸ್ವಲ್ಪ ಬಾಡಿತು. ಆದರೂ ಎನ್‌ವಿಎಂಇಯನ್ನೇ ಹಾಕಲು ಹೇಳಿ ಎದ್ದರು. ಮೆಟ್ಟಿಲಿಳಿದು ಜೀಪು ಹತ್ತುವ ಮೊದಲು ಹಿಂತಿರುಗಿ, ಮರೆತದ್ದೇನನ್ನೋ ನೆನಪಿಸಿಕೊಂಡವರಂತೆ ಕೇಳಿದರು: “ಅಂದ ಹಾಗೆ ನಿನ್ನೆ ನಿಮ್ಮಲ್ಲಿ ಎಷ್ಟು ಬಂತು? ನಮ್ಮಲ್ಲಿ ಮೂರು ಇಂಚು ಅರವತ್ತು.”